ಮುದುಕನ ಬೆನ್ನ ಮೇಲೆ ನಾಲ್ಕು ಹೆಜ್ಜೆ

ಶನಿವಾರ, ನವೆಂಬರ್ 8

ವಾರಾಂತ್ಯದ ಕುದುರೆ ಕಸರತ್ತಿನ ಶಿಬಿರದ ಮೊದಲ ದಿನ. ವೃತ್ತದಲ್ಲಿ ಸುತ್ತು ಓಡುವ ಕುದುರೆಯ ಬೆನ್ನ ಮೇಲೆ, ಎರಡೂ ಕೈ ಬಿಟ್ಟು, ಅದು ನಾಲ್ಕು ಹೆಜ್ಜೆ ಹಾಕುವಷ್ಟು ಹೊತ್ತು ನಿಂತೆ. ಆದರೂ ಮನಸ್ಸಿನಲ್ಲಿ ಏನೋ ಚುಚ್ಚುತ್ತಿದೆ.

ವಾರವೆಲ್ಲ ಮರದ ಕುದುರೆಯ ಮೇಲೆ ಅಭ್ಯಾಸ ಮಾಡಿ ಕೆಟ್ಟೆ. ಮರ ಅಲುಗುವುದಿಲ್ಲವಲ್ಲ, ಅದೇ ರೂಢಿಯಲ್ಲಿ ಇವತ್ತೂ ಮಂಡಿ ಸೆಟೆಸಿಕೊಂಡು ಎದ್ದೆ. ವೃತ್ತದ ಹೊರಗಡೆಗೆ ವಾಲಿದೆ. ಕಥೆ ಮುಗಿಯಿತು ಅಂದುಕೊಂಡೆ, ಬೀಳಲಿಲ್ಲ. ಇಳಿದಾಗ ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ಬೀಗಿದೆ.

ವೃತ್ತದ ನಡುವೆ ನಿಂತು ಕುದುರೆಯ ಹಗ್ಗ ಹಿಡಿದಿದ್ದ ಅಕ್ಕ ಮಾತ್ರ ನಕ್ಕಳು. "ನೀನೆಲ್ಲೇ ನಿಂತೆ? ನೀನು ವಾಲಿದ ಕಡೆಗೆ ಮುದುಕನೇ ಅರ್ಧ ಹೆಜ್ಜೆ ಸರಿದ. ಹಗ್ಗ ನನ್ನ ಕೈಲಿ ಜಗ್ಗಿತು ಕಣೇ."

ಮುದುಕ ಅಂದರೆ ನಮ್ಮ ಇಪ್ಪತ್ತೆರಡು ವರ್ಷದ ಕುದುರೆ. ಯಾರೂ ಹೇಳದೆ, ಓಡುತ್ತಲೇ, ನನ್ನ ಕಾಲ ಕೆಳಗೆ ತಾನಾಗಿ ಬಂದ. ಅವನ ಬೆನ್ನಿನ ಬಿಸಿ ಇನ್ನೂ ನನ್ನ ಅಂಗಾಲಿನಲ್ಲಿದೆ.

ಸಂಜೆ ಕ್ಯಾರೆಟ್ ಹಿಡಿದು ಲಾಯಕ್ಕೆ ಹೋದೆ. ಮುದುಕ ನಿದ್ದೆ ಮಾಡುತ್ತಿದ್ದ. ನಿಂತುಕೊಂಡೇ.

ನಾಲ್ಕು ಹೆಜ್ಜೆ ನಿಂತು ಬೀಗಿದವಳು ನಾನು. ಕ್ಯಾರೆಟ್ಟನ್ನು ಸದ್ದಿಲ್ಲದೆ ಅವನ ತೊಟ್ಟಿಯಲ್ಲಿಟ್ಟು ಬಂದೆ.