ಮೂರು ಜೋಳ, ಎರಡು ಅಡಿಕೆ

ಶಿಕಾರಿಪುರ
ಶುಕ್ರವಾರ, ೨೨ ನವೆಂಬರ್ ೨೦೨೪

ಶ್ರೀಮದ್ ಎಲೆಅಡಿಕೆ ಸಾಮ್ರಾಜ್ಯದ ಏಕಚ್ಛತ್ರಾಧಿಪತಿ, ಹಲ್ಲು ಹೋದರೂ ಚಕ್ಕಲಿಗೆ ಸೋಲದ ವೀರಾಗ್ರಣಿ, ಎಡಮೊಣಕಾಲು ಬಲಮೊಣಕಾಲುಗಳೆಂಬ ಇಬ್ಬರು ದುಷ್ಟ ಪಾಳೇಗಾರರನ್ನು ನೀಲಗಿರಿ ಎಣ್ಣೆಯ ಬಲದಿಂದ ಹದ್ದುಬಸ್ತಿನಲ್ಲಿಟ್ಟಿರುವ, ಸದ್ಯ ಆನವಟ್ಟಿಯ ಬೀಡಿನಲ್ಲಿ ಬಿಜಯಂಗೈದಿರುವ ಅಜ್ಜಿ ನೀಲಾಂಬಿಕಮ್ಮನವರ ದಿವ್ಯ ಸನ್ನಿಧಾನಕ್ಕೆ, ಮೊಮ್ಮಗನೂ ಮನೆತನದ ಅಧಿಕೃತ ಮಂಗನೂ ಆದ ಚನ್ನೇಶನು ಟ್ರೈಲರ್ ಗ್ಯಾರೇಜಿನ ಕಬ್ಬಿಣದ ಹುಡಿಯಲ್ಲಿ ಹೊರಳಿ ಮಾಡುವ ಸಾಷ್ಟಾಂಗ ಶರಣು.

ಆರೋಗ್ಯ ಹೇಗಿದೆ ಅಜ್ಜಿ? ಮೊಣಕಾಲಿನ ಬಾವು ಇಳಿಯಿತೋ ಇಲ್ಲವೋ? ರಾತ್ರಿ ಏಳುವಾಗ ಗೋಡೆ ಹಿಡಿದುಕೊಂಡು ಹೋಗುತ್ತೀಯೋ, ಅಥವಾ ಇಲ್ಲಿಯ ಹಾಗೆ ಅಲ್ಲಿಯೂ ‘ನಾನೇನು ಮುದುಕೀನಾ’ ಎಂದು ಲೈಟು ಹಾಕದೆ ದಂಡಯಾತ್ರೆ ಹೊರಡುತ್ತೀಯೋ? ವೀರಮ್ಮತ್ತೆಯ ಮನೆಯಲ್ಲಿ ಎತ್ತರದ ಕಮೋಡ್ ಇರುವುದು ನಿನ್ನ ಪುಣ್ಯ. ಮಗಳ ಸಾರಿಗೆ ಉಪ್ಪಿಲ್ಲ ಎಂದು ಮುಖ ತಿರುಗಿಸಬೇಡ, ನಿನ್ನ ಬಿ.ಪಿ.ಗೆ ಹೆದರಿ ಅವಳು ಬೇಕೆಂದೇ ಕಮ್ಮಿ ಹಾಕುವುದು. ಫೋನು ಮಾಡಬಹುದಿತ್ತು. ಆದರೆ ಫೋನಿನಲ್ಲಿ ನಿನಗೆ ಕೇಳಿಸುವುದು ಅರ್ಧ, ಆ ಅರ್ಧವನ್ನೂ ಅತ್ತೆ ಸ್ಪೀಕರಿಗೆ ಹಾಕಿ ಓಣಿಗೆಲ್ಲ ಹಂಚುತ್ತಾಳೆ. ಇಲ್ಲಿ ನಡೆದಿರುವುದು ರಾಜ್ಯದ ರಹಸ್ಯ. ನಾಳೆ ಮಧ್ಯಾಹ್ನದ ಬಸ್ಸಿನ ಕಂಡಕ್ಟರು ಈ ಕಾಗದ ತಂದುಕೊಟ್ಟ ಮೇಲೆ ಭೂತಗನ್ನಡಿ ಹಿಡಿದು ಒಬ್ಬಳೇ ಕೂತು ಓದು. ನಗು ಬಂದರೆ ಕೆಮ್ಮಿದ ಹಾಗೆ ಮಾಡು.

ಬಚ್ಚಲಮನೆಯ ರಿಪೇರಿ ಎಲ್ಲಿಗೆ ಬಂತು ಎಂದು ಅತ್ತೆಯ ಕೈಲಿ ಮತ್ತೆ ಮತ್ತೆ ಕೇಳಿಸುತ್ತಿದ್ದೀಯಂತೆ. ಬಹಳ ಚೆನ್ನಾಗಿ ನಡೆದಿದೆ. ಒಂದು ಟೈಲ್ಸು ಕದಲದ ಹಾಗೆ, ಒಂದು ಚಿಟಿಕೆ ಸಿಮೆಂಟು ನೆಲಕ್ಕೆ ಬೀಳದ ಹಾಗೆ, ಗೌಂಡಿಯ ನೆರಳು ಕೂಡ ಸೋಕದ ಹಾಗೆ ಮಾಡುತ್ತಿರುವ ಅತಿ ನಾಜೂಕಿನ ರಿಪೇರಿ ಅದು. ನಿನ್ನ ಹಂಡೆ ನೀನು ಬಿಟ್ಟುಹೋದ ಕಡೆಯೇ ಇದೆ. ಕೂಸಾಗಿದ್ದಾಗ ಯಾವ ಹಂಡೆಯ ನೀರಿನಲ್ಲಿ ನನ್ನ ಅಂಡು ತೊಳೆದು ಮನುಷ್ಯನನ್ನಾಗಿ ಮಾಡಲು ಯತ್ನಿಸಿದೆಯೋ ಅದೇ ಹಂಡೆಯ ನೀರನ್ನು ನಾನು ಇವತ್ತೂ ಹೊಯ್ದುಕೊಂಡೆ. ಅರ್ಥವಾಯಿತಲ್ಲ. ನಿನ್ನನ್ನು ಆನವಟ್ಟಿಗೆ ಕಳಿಸಿದ್ದು ಬಚ್ಚಲಿಗಾಗಿಯೇ, ಅದರಲ್ಲಿ ಸುಳ್ಳಿಲ್ಲ. ಆದರೆ ಆ ಬಚ್ಚಲು ಮನೆಯದಲ್ಲ.

ಅದು ಅಪ್ಪನ ಗಾಡಿಮನೆಯದು. ಊರಿನ ಅರ್ಧ ಟ್ರ್ಯಾಕ್ಟರುಗಳಿಗೆ ಟ್ರೈಲರ್ ಕಟ್ಟಿಕೊಟ್ಟ ಪರಮಶಿವಪ್ಪನವರಿಗೆ, ಯಾವುದೋ ದೇಶದ ಜನ ಕಾರಿನ ಹಿಂದೆ ಪುಟ್ಟ ಮನೆಯನ್ನೇ ಎಳೆದುಕೊಂಡು ಊರೂರು ಸುತ್ತುವ ವಿಡಿಯೋವನ್ನು ನಾನೇ ತೋರಿಸಿದೆ. ಅವತ್ತೇ ಅಪ್ಪನ ತಲೆಗೆ ನಿನ್ನ ಹರಕೆ ಹೊಕ್ಕಿದ್ದು. ಅಪ್ಪನನ್ನು ಹೊಟ್ಟೆಯಲ್ಲಿಟ್ಟುಕೊಂಡು ನೀನು ಹಾನಗಲ್ ಕಡೆಯ ತವರಿನವರ ಸವಾರಿ ಗಾಡಿಯಲ್ಲಿ ಉಳವಿಗೆ ಹೋಗಿದ್ದೆ. ‘ಕೂಸು ನೆಟ್ಟಗೆ ಹುಟ್ಟಿದ್ರೆ ಕರ್ಕಂಡು ಬಂದು ನಿನ್ನ ಮುಂದೆ ನಿಲ್ಲಿಸ್ತೀನಿ’ ಎಂದು ಚನ್ನಬಸವಣ್ಣನಿಗೆ ಮಾತು ಕೊಟ್ಟಿದ್ದೆ. ಕೂಸು ನೆಟ್ಟಗೇ ಹುಟ್ಟಿತು. ಈಗ ಐವತ್ತು ದಾಟಿ ತಲೆಯ ನೆತ್ತಿ ಬೋಳಾಗಿದೆ, ಇನ್ನೂ ಚನ್ನಬಸವಣ್ಣನ ಮುಂದೆ ನಿಂತಿಲ್ಲ. ಯಾಕೆಂದರೆ ಲಾಡ್ಜಿಗೆ ನೀನು ಒಪ್ಪುವವಳಲ್ಲ. ‘ಕಂಡೋರ ಬಚ್ಚಲಲ್ಲಿ ಮಿಂದು ಪೂಜೆಗೆ ಕೂರಕ್ಕೆ ನಂಗಾಗಲ್ಲ, ಪೂಜೆ ಇಲ್ಲದೆ ನೀರೂ ಇಳಿಯಲ್ಲ’ ಎನ್ನುವುದು ನಿನ್ನ ಖಾಯಂ ಜವಾಬು. ಅದಕ್ಕೇ ಗಾಡಿಮನೆ. ಗ್ಯಾರೇಜಿನ ನೆಲದ ಮೇಲೆ ಅಪ್ಪ ಸೀಮೆಸುಣ್ಣದಲ್ಲಿ ಅದರ ಅಳತೆ ಬರೆದ ದಿನ ನೀನು ಕೋಲೂರಿಕೊಂಡು ಬಂದೆ, ಹಿಂದಿನ ಮೂಲೆಯಲ್ಲಿ ಸ್ಟೂಲು ಹಾಕಿಸಿ ಕೂತೆ. ‘ಪರಮಾ, ಇಲ್ಲೊಂದು ಬಚ್ಚಲು ಇರ್ಲಿ. ಉಳಿದಿದ್ದು ನಿಂಗೆ ಹೆಂಗೆ ಬೇಕೋ ಹಂಗೆ ಮಾಡ್ಕ’ ಎಂದೆ. ಅಪ್ಪ ನಿನ್ನನ್ನು ಏಳಿಸದೆ ನಿನ್ನ ಸುತ್ತಲೇ ಒಂದು ಚೌಕ ಎಳೆದ. ಇಡೀ ಗಾಡಿಯಲ್ಲಿ ನೀನು ಕೇಳಿದ್ದು ಅದೊಂದೇ.

ನೀನು ಆನವಟ್ಟಿ ಬಸ್ಸು ಹತ್ತಿದ ಸಂಜೆಯೇ ಗ್ಯಾರೇಜಿನಲ್ಲಿ ಮಹಾಸಭೆ ಸೇರಿತು. ಅಪ್ಪ, ಅಮ್ಮ, ರಾಜಕುಮಾರ್ ಚಿಕ್ಕಪ್ಪ, ಅಶ್ವಿನಿ ಚಿಕ್ಕಮ್ಮ, ಮತ್ತು ಸಭೆಯ ಘನತೆ ಹೆಚ್ಚಿಸಲು ನಾನು. ಚರ್ಚೆಯ ವಿಷಯ: ಇಷ್ಟು ಪುಟ್ಟ ಗಾಡಿಗೆ ಸ್ವಂತ ಬಚ್ಚಲು ಬೇಕೋ ಬೇಡವೋ. ಬಚ್ಚಲಿದ್ದರೆ ನೀನು ಬರುತ್ತೀ, ಇಲ್ಲದಿದ್ದರೆ ಬರಲಾರೆ ಎಂಬುದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಅದನ್ನು ಮಾತ್ರ ಯಾರೂ ಬಾಯಿ ಬಿಟ್ಟು ಹೇಳಲಿಲ್ಲ, ನಾವು ಮರ್ಯಾದಸ್ಥರು. ಆಡಿದ ಮಾತೆಲ್ಲ ನಿನ್ನ ಒಳ್ಳೆಯದಕ್ಕೇ ಆಡಿದ್ದು.

ಮೊದಲು ಎದ್ದವರು ಚಿಕ್ಕಪ್ಪ. ನೀರಿನ ಟ್ಯಾಂಕು, ಕಮೋಡು, ಬಾಗಿಲು ಎಲ್ಲ ಸೇರಿದರೆ ಘಟ್ಟದಲ್ಲಿ ಗಾಡಿ ಎಳೆಯುವ ನಮ್ಮ ಬೊಲೆರೊ ಉಸಿರು ಬಿಡುತ್ತದಂತೆ. ‘ದಾರಿ ಉದ್ದಕ್ಕೂ ಪೆಟ್ರೋಲ್ ಬಂಕ್ ಇಲ್ವೇನ್ರೀ ಅತ್ತಿಗೆ’ ಎಂದು ಅಮ್ಮನನ್ನು ಕೇಳಿದರು. ಬಂಕಿನಲ್ಲಿ ನೀನು ಕುಕ್ಕರಗಾಲಿನಲ್ಲಿ ಕೂತರೆ ಏಳಿಸಲು ಕ್ರೇನು ಬೇಕೆಂದು ಅವರಿಗೆ ಗೊತ್ತಿಲ್ಲವೆ? ಗೊತ್ತು. ಗೊತ್ತಿದ್ದೇ ಇನ್ನೊಂದು ಬಾಣ ಬಿಟ್ಟರು: ‘ಅವ್ವ ಹೋಗಿದ್ದ ಸವಾರಿ ಗಾಡೀಲಿ ಬಚ್ಚಲಿತ್ತಾ? ಹೋಗಿ ಬರ್ಲಿಲ್ವಾ ಅವಾಗ?’ ಎಲ್ಲರೂ ಗೋಣು ಹಾಕಿದರು. ಆ ಕಥೆಯ ಉಳಿದರ್ಧ ನೀನು ನನಗೆ ಹೇಳಿದ್ದೀಯ. ಬಸುರಿ ನೀನು ಕೂತಲ್ಲಿ ಕೂರಲಾರದೆ ಒದ್ದಾಡಿದಾಗ ಜೊತೆಗೆ ಬಂದಿದ್ದ ನಿನ್ನ ಅತ್ತೆ ಅಷ್ಟೂ ಗಾಡಿಗಳನ್ನು ನಿಲ್ಲಿಸಿಬಿಟ್ಟರಂತೆ. ಹೆಂಗಸರೆಲ್ಲ ಇಳಿದು ಸೀರೆ ಹಿಡಿದು ನಿನ್ನ ಸುತ್ತ ಗೋಡೆ ಕಟ್ಟಿದರಂತೆ, ಗಂಡಸರು ಎತ್ತುಗಳ ಜೊತೆ ಆ ಕಡೆ ಮುಖ ಮಾಡಿ ನಿಂತರಂತೆ. ಈಗ ಸೀರೆ ಹಿಡಿಯುವವರು ಯಾರು ಎಂದು ಚಿಕ್ಕಪ್ಪ ಹೇಳಲಿಲ್ಲ. ಚಿಕ್ಕಮ್ಮ ಚೂಡಿದಾರ್ ಹಾಕಿದ್ದಳು.

ಆಮೇಲೆ ಅಮ್ಮ. ಅಮ್ಮನ ವಾದ ಅತ್ಯಂತ ಧಾರ್ಮಿಕವಾದುದು. ‘ಅತ್ತೆಯೋರು ಲಿಂಗಪೂಜೆ ಮಾಡೋ ಜಾಗದಿಂದ ಮೂರಡೀಲಿ ಸಂಡಾಸು ಇಟ್ರೆ ಅವರಿಗೇ ಹೇಸಿಗೆ. ಪಾಪ, ಬಾಯಿ ಬಿಟ್ಟು ಹೇಳಲ್ಲ, ಅಷ್ಟೇ’ ಎಂದಳು. ನನಗೆ ನಗು ತಡೆಯಲಾಗದೆ ವೆಲ್ಡಿಂಗ್ ಮಾಸ್ಕ್ ಹಾಕಿಕೊಂಡೆ. ಮದುವೆಯಾಗಿ ಬಂದ ಹೊಸತರಲ್ಲಿ ಅಮ್ಮ ತಿಂಗಳ ಮೂರು ದಿನ ಹಿತ್ತಲ ಕಟ್ಟೆಯ ಮೇಲೆ ಹೋಗಿ ಕೂತಾಗ, ‘ಕೊರಳಲ್ಲಿ ಲಿಂಗ ಇಟ್ಕಂಡು ಎಂಥಾ ಮೈಲಿಗೇನೇ ನಿಂಗೆ, ಏಳು, ರೊಟ್ಟಿ ತಟ್ಟು’ ಎಂದು ಕೈ ಹಿಡಿದು ಒಲೆಯ ಮುಂದೆ ಕೂರಿಸಿದ್ದು ನೀನಲ್ಲವೆ? ಅಮ್ಮ ಇದನ್ನು ನೂರು ಸಲ ಹೆಮ್ಮೆಯಿಂದ ಹೇಳಿದ್ದಾಳೆ. ಈಗ ಅದೇ ಮೈಲಿಗೆಯನ್ನು ಹಿತ್ತಲಿಂದ ಎತ್ತಿಕೊಂಡು ಬಂದು ನಿನ್ನ ತಲೆಗೇ ಕಟ್ಟಿದಳು. ಇಷ್ಟು ಚೊಕ್ಕವಾಗಿ ಬಡ್ಡಿ ಸಮೇತ ತೀರಿಸಿದ ಸೊಸೆಯನ್ನು ನಾನು ಕಂಡಿಲ್ಲ.

ಬಚ್ಚಲ ಪರವಾಗಿ ಬಾಯಿ ತೆರೆದವಳು ಚಿಕ್ಕಮ್ಮ ಒಬ್ಬಳೇ. ಸಂತೋಷಪಡಬೇಡ, ಅವಳಿಗೆ ಬೇಕಾಗಿದ್ದು ಕನ್ನಡಿ. ಸುತ್ತ ಬಲ್ಬು ಇರುವ ಕನ್ನಡಿಯ ಫೋಟೋ ತೋರಿಸಿ, ‘ಇದನ್ನ ಹಾಕೋಕೆ ಒಂದು ಗೋಡೆ ಬೇಕಲ್ರೀ ಭಾವ’ ಎಂದಳು. ಅಪ್ಪ ಮಾತ್ರ ಯಾರ ಕಡೆಗೂ ನೋಡದೆ ಕಮೋಡಿನ ರಚನೆಯನ್ನು ವಿವರಿಸಿದ. ಅದರ ಕೆಳಗೆ ಸೂಟ್‌ಕೇಸಿನಂಥ ಡಬ್ಬಿ ಇರುತ್ತದಂತೆ. ದಿನಾ ಬೆಳಗ್ಗೆ ಎಳೆದು, ದೂರ ಹೊತ್ತುಕೊಂಡು ಹೋಗಿ, ಖಾಲಿ ಮಾಡಿ ತೊಳೆದು ತರಬೇಕಂತೆ. ಇದನ್ನು ಕೇಳಿ ಸಭೆ ಎದ್ದು ನಿಂತು ಮೌನ ಆಚರಿಸಲಿಲ್ಲ, ಕೂತೇ ಆಚರಿಸಿತು.

ಮೌನ ಮುರಿಯುವುದು ನನ್ನ ಕುಲಕಸುಬು. ಅಳತೆ ನೋಡಿಬಿಡೋಣ ಎಂದು ಫ್ರಿಜ್ಜಿನ ರಟ್ಟಿನ ಡಬ್ಬವನ್ನು ನಿನ್ನ ಚೌಕದ ಜಾಗದಲ್ಲಿ ನಿಲ್ಲಿಸಿ, ಒಳಗೆ ನಿನ್ನ ಅದೇ ಸ್ಟೂಲಿಟ್ಟು, ಚಿಕ್ಕಪ್ಪನನ್ನು ಕೂರಿಸಿದೆ. ಡಬ್ಬದ ಹಿಂದೆ ನನ್ನ ಬ್ಲೂಟೂತ್ ಸ್ಪೀಕರ್ ಇತ್ತು. ಚಿಕ್ಕಪ್ಪ ಗಂಭೀರವಾಗಿ ‘ಮೊಣಕೈ ತಾಕ್ತದೆ’ ಎನ್ನುತ್ತಿದ್ದ ಹಾಗೆಯೇ, ಈಸೂರಿನ ಗೆಳೆಯನ ತೋಟದಲ್ಲಿ ಬೋರ್‌ವೆಲ್ಲಿಗೆ ನೀರು ಬಿದ್ದಾಗ ರೆಕಾರ್ಡ್ ಮಾಡಿಕೊಂಡಿದ್ದ ಸದ್ದನ್ನು ಪೂರ್ತಿ ವಾಲ್ಯೂಮಿನಲ್ಲಿ ಬಿಟ್ಟೆ. ಮೊದಲು ಗಾಳಿ, ಆಮೇಲೆ ಕೆಸರು, ಆಮೇಲೆ ಧೋ ಎಂದು ನೀರು. ಚಿಕ್ಕಮ್ಮ ಬೆಂಚಿನಿಂದ ಜಾರಿ ಬಿದ್ದು ನಕ್ಕಳು. ಚಿಕ್ಕಪ್ಪ ಡಬ್ಬ ಹರಿದುಕೊಂಡು ಹೊರಬಂದರು. ಅಪ್ಪ ಕೂಡ ನಕ್ಕ, ಅವತ್ತು ಅವನು ನಕ್ಕಿದ್ದು ಅದೇ ಮೊದಲು. ಆದರೆ ಅಮ್ಮ ಕಣ್ಣೊರೆಸಿಕೊಂಡು, ‘ನಗ್ತೀರಿ, ನಾಳೆ ಇದೇ ಸದ್ದು ಕೇಳ್ಕಂತಾ ಒಂದೇ ಡಬ್ಬದಲ್ಲಿ ಉಂಬಾದು ಹೆಂಗೆ, ಮಲಗಾದು ಹೆಂಗೆ? ಅತ್ತೆಯೋರು ರಾತ್ರಿಗೆ ಎಷ್ಟು ಸಲ ಏಳ್ತಾರೆ ಗೊತ್ತಲ್ಲ’ ಎಂದಳು. ಅಲ್ಲಿಗೆ ಎಲ್ಲರ ನಗು ನಿಂತಿತು. ನಾನು ಮಾಡಿದ್ದು ತಮಾಷೆಗೆ ಅಜ್ಜಿ, ಅದು ಸಾಕ್ಷಿಯಾಗಿ ದಾಖಲಾಗುತ್ತದೆಂದು ನನಗೇನು ಗೊತ್ತು.

ಕೊನೆಗೆ ಗುಪ್ತ ಮತದಾನವೆಂದು ತೀರ್ಮಾನವಾಯಿತು. ಮುಖ್ಯ ಚುನಾವಣಾಧಿಕಾರಿ ನಾನೇ. ನೀನು ಬಿಟ್ಟುಹೋದ ಹಿತ್ತಾಳೆಯ ಎಲೆಅಡಿಕೆ ಡಬ್ಬಿಯೇ ಮತಪೆಟ್ಟಿಗೆ. ಎಲ್ಲರ ಕೈಗೂ ಒಂದು ಅಡಿಕೆ, ಒಂದು ಮೆಕ್ಕೆಜೋಳದ ಕಾಳು ಕೊಟ್ಟೆ. ಬಚ್ಚಲು ಬೇಕೆನ್ನುವವರು ಅಡಿಕೆ ಹಾಕಬೇಕು, ಬೇಡವೆನ್ನುವವರು ಜೋಳ. ಉಳಿದದ್ದನ್ನು ಗ್ಯಾರೇಜಿನ ಹಿಂದಿನ ಕಸಕ್ಕೆ ಎಸೆದು ಬರಬೇಕು. ಒಬ್ಬೊಬ್ಬರೇ ಆಗಿನ್ನೂ ಅರ್ಧ ಕಟ್ಟಿದ್ದ ಗಾಡಿಯೊಳಗೆ ಹೋಗಿ ಬಂದರು. ಡಬ್ಬಿ ತೆರೆದಾಗ ಮೂರು ಜೋಳ, ಎರಡು ಅಡಿಕೆ. ಅಮ್ಮ ಎದ್ದು ಹಾಲು ಕಾಯಿಸಲು ಹೋದಳು.

ತನಿಖೆ ನಡೆಸುವುದು ನನ್ನ ಕರ್ತವ್ಯ. ಒಂದು ಅಡಿಕೆ ಚಿಕ್ಕಮ್ಮನ ಕನ್ನಡಿಯದು. ಒಂದು ಜೋಳ ಅಮ್ಮನದು, ಒಂದು ಚಿಕ್ಕಪ್ಪನದು, ಅವರಿಬ್ಬರೂ ಅದನ್ನು ಮುಚ್ಚಿಡಲೇ ಇಲ್ಲ. ಇನ್ನೊಂದು ಅಡಿಕೆ ಯಾರದೆಂದು ನಾನು ಹೇಳುವುದು ಚೆನ್ನಾಗಿರುವುದಿಲ್ಲ, ತನ್ನನ್ನು ತಾನೇ ಹೊಗಳಿಕೊಳ್ಳುವುದು ನನ್ನ ಸ್ವಭಾವವಲ್ಲ. ಹಾಗಾದರೆ ಮೂರನೆಯ ಜೋಳ ಯಾರದು? ಒಬ್ಬನೇ ಉಳಿದ. ಅವನು ಗಾಡಿಯೊಳಗೆ ಹೋದವನು ತುಂಬಾ ಹೊತ್ತು ಬರಲಿಲ್ಲ, ಬಂದವನು ಯಾರ ಮುಖವನ್ನೂ ನೋಡಲಿಲ್ಲ, ಬೆಸೆಯುವ ಕೆಲಸವೇನೂ ಇಲ್ಲದಿದ್ದರೂ ವೆಲ್ಡಿಂಗ್ ಹಚ್ಚಿಕೊಂಡು ಕೂತ. ಯಾರನ್ನು ಹೊಟ್ಟೆಯಲ್ಲಿಟ್ಟುಕೊಂಡು ಉಳವಿಗೆ ಹೋಗಿದ್ದೆಯೋ ಅವನೇ. ನೆಟ್ಟಗೆ ಹುಟ್ಟಿದ ಕೂಸು. ತೀರ್ಪು ನಿನ್ನದು ಅಜ್ಜಿ, ನಾನು ಸಾಕ್ಷ್ಯವನ್ನಷ್ಟೇ ಇಟ್ಟಿದ್ದೇನೆ.

ಗಾಡಿ ಈಗ ಸಿದ್ಧವಾಗಿದೆ. ನಿನ್ನ ಚೌಕದ ಜಾಗದಲ್ಲಿ ನನ್ನ ಹಾಸಿಗೆಯ ಕಾಲಿನ ಕಡೆ ಬಂದಿದೆ, ಕಾಲು ಪೂರ್ತಿ ಚಾಚಬಹುದು. ಹಿಂಬದಿಗೆ ಪೇಂಟರ್ ಕೆಂಪಪ್ಪ ಕೆಂಪು ಹಳದಿಯಲ್ಲಿ, ಎರಡು ಕಡೆ ಕಮಲದ ಹೂವಿನ ಜೊತೆ ‘ತಾಯಿಯ ಆಶೀರ್ವಾದ’ ಎಂದು ಬರೆದಿದ್ದಾನೆ. ಅಕ್ಷರಗಳು ಬಹಳ ಚೆನ್ನಾಗಿ ಬಂದಿವೆ. ಬರೆದು ಮುಗಿಸಿ ಕುಂಚ ತೊಳೆಯುತ್ತಾ, ‘ಅಜ್ಜಿ ಬೊಲೆರೊದಲ್ಲಿ ಕೂರ್ತಾರೋ, ಇದ್ರಲ್ಲೇ ಮಲಗ್ತಾರೋ’ ಎಂದು ಕೇಳಿದ. ಅಪ್ಪ ಅವನಿಗೆ ಚಹಾ ತರಿಸಿಕೊಟ್ಟ. ಕಡೆಯ ಕಾರ್ತಿಕ ಸೋಮವಾರಕ್ಕೆ ಉಳವಿಯಲ್ಲಿರಬೇಕೆಂದು ಭಾನುವಾರ ನಸುಕಿಗೇ ಹೊರಡುತ್ತೇವೆ. ನಿನ್ನ ಹರಕೆಯನ್ನು ನಿನಗೆ ಒಂದು ಚೂರೂ ತೊಂದರೆಯಾಗದ ಹಾಗೆ ತೀರಿಸಿ ಬರುತ್ತೇವೆ, ಪ್ರಸಾದ ತರುತ್ತೇವೆ. ವಿಡಿಯೋ ಕಾಲ್ ಮಾಡಿ ಅಪ್ಪನನ್ನು ಚನ್ನಬಸವಣ್ಣನ ಮುಂದೆ ನಿಲ್ಲಿಸಿ ತೋರಿಸಬೇಕೆಂದು ಚಿಕ್ಕಪ್ಪ ಅಂದಿದ್ದಾರೆ. ಅಲ್ಲಿ ಸಿಗ್ನಲ್ ಸಿಗುವುದಿಲ್ಲವೆಂದು ಅವರಿಗೂ ಗೊತ್ತು.

ಅತ್ತೆಗೆ, ಮಾವನಿಗೆ ನನ್ನ ಶರಣು ಹೇಳು. ಕಾಲಿಗೆ ಎಣ್ಣೆ ಹಚ್ಚಿಸಿಕೋ. ‘ಎಲ್ಲ ಕೂಸುಗಳೂ ಅಳ್ತಾ ಹುಟ್ಟಿದ್ವು, ಇವನೊಬ್ಬ ಹಲ್ಲು ಕಿಸೀತಾ ಹುಟ್ಟಿದ, ಅವತ್ತೇ ನಂಗೆ ಗುಮಾನಿ ಬಂತು’ ಎಂದು ಬಂದವರ ಮುಂದೆಲ್ಲ ಹೇಳುತ್ತೀಯಲ್ಲ, ಆ ಬಾಯಿಂದಲೇ ಒಂದು ಆಶೀರ್ವಾದವೂ ಬರಲಿ.

ಇಂತು ತಮ್ಮ ಏಕಮಾತ್ರ ನಂಬಿಗಸ್ತ ಗೂಢಚಾರನೂ, ಪಾದಧೂಳಿಯೂ ಆದ
ಚನ್ನೇಶ

ಮರೆತಿದ್ದೆ. ನಾಳೆ ಕಂಡಕ್ಟರು ಹಾರ್ನ್ ಹೊಡೆಸಿ ಅವಸರ ಮಾಡುತ್ತಾನೆಂದು ರಾತ್ರಿಯೇ ಗಡಿಬಿಡಿಯಲ್ಲಿ ಸೇರಿಸುತ್ತಿದ್ದೇನೆ. ಗಾಡಿಗೆ ಬಚ್ಚಲಿಲ್ಲವಲ್ಲ, ಅದಕ್ಕೆ ಭಾನುವಾರ ಮೊದಲ ನಿಲುಗಡೆ ಆನವಟ್ಟಿ, ಅತ್ತೆಯ ಮನೆ. ಐದು ಜನರಿಗೆ ನೀರು ಕಾಯಿಸಿಡಲು ಹೇಳು, ಆ ಹೊತ್ತಿಗೆ ನೀನು ಬಚ್ಚಲೊಳಗಿರಬೇಡ. ಎಲ್ಲರೂ ಮಿಂದು, ನಿನ್ನ ಕಾಲಿಗೆ ಬಿದ್ದು, ನಿನ್ನ ಕೈಲಿ ವಿಭೂತಿ ಹಚ್ಚಿಸಿಕೊಂಡು ಮುಂದೆ ಹೋಗುವುದೆಂದು ಅಮ್ಮನ ಏರ್ಪಾಡು. ಅಪ್ಪ ಬಗ್ಗಿದಾಗ ಏನೂ ಅನ್ನಬೇಡ ಅಜ್ಜಿ. ಆ ಇನ್ನೊಂದು ಅಡಿಕೆ ಅವನದು. ಮೂರನೆಯ ಜೋಳ ನನ್ನದು. ದಿನಾ ಬೆಳಗ್ಗೆ ಆ ಕಮೋಡಿನ ಡಬ್ಬಿ ಖಾಲಿ ಮಾಡೋರು ಯಾರು ಎಂದಾಗ ಎಲ್ಲರೂ ನನ್ನ ಮುಖ ನೋಡಿದರು.