ಅವ್ವ ಬೈದ ಹದ್ದು

ಇನ್ಸ್‌ಪೆಕ್ಟರ್ ಸಾಹೇಬರಿಗೆ, ಅರಕೇರಾದ ಮದುವೆ ಫೋಟೊಗ್ರಾಫರ್ ಕನಕರಾಜನ ನಮಸ್ಕಾರಗಳು.

ರಾಯಚೂರಿನ ಮದುವೆಯಲ್ಲಿ ಪರವಾನಗಿ ಇಲ್ಲದೆ ಡ್ರೋನ್ ಹಾರಿಸಿದ್ದು ನನ್ನದೇ ತಪ್ಪು. ಜಪ್ತಿಯಾದ ಡ್ರೋನ್ ನಿಮ್ಮಲ್ಲೇ ಇರಲಿ. ಅದರ ಮೆಮೊರಿ ಕಾರ್ಡಿನ ನಕಲನ್ನಷ್ಟೇ ಕೊಡಿ.

ಮದುವೆಯ ಹಿಂದಿನ ದಿನ ಅದನ್ನು ನಮ್ಮ ಕುರಿಗಳ ಮೇಲೆ ಹಾರಿಸಿ ನೋಡಿದ್ದೆ. ಅವ್ವ ಹದ್ದೆಂದು ತಿಳಿದು, ಮರಿಗಳಿಗೆ ಕಂಬಳಿ ಮುಚ್ಚಿ, ಮೇಲೆ ನೋಡುತ್ತ ಬೈದು ಕಲ್ಲು ಬೀಸಿದಳು.

"ಯವ್ವಾ, ಅದು ನನ್ನ ಕ್ಯಾಮೆರಾ" ಎಂದೆ.

"ಹಂಗಾರ ನಾ ಹೆಂಗ ಕಾಣಾಕತ್ತೀನಿ, ತೋರ್ಸಪಾ."

"ನಾಳಿ ಮದುವಿ ಮುಗಿಸಿ ಬಂದು ತೋರಸ್ತೀನಿ."

ಕಳೆದ ಸೋಮವಾರ ಅವ್ವ ತೀರಿಕೊಂಡಳು. ನೂರಾರು ಮದುವೆ ತೆಗೆದ ನನ್ನ ಬಳಿ ಅವಳ ಬೇರೆ ಒಂದೂ ಫೋಟೊ ಇಲ್ಲ. ಆ ಕಾರ್ಡಿನಲ್ಲಿ ನನ್ನನ್ನೇ ಬೈಯುತ್ತಿದ್ದಾಳೆ. ಬೈಯಲಿ ಸಾಹೇಬರೇ, ಮುಖ ಕಾಣುತ್ತದೆ.

ಠಾಣೆಯ ಹೊರಗೆ ಕಾಯುತ್ತಿರುವ,
ಕನಕರಾಜ