ಅರವತ್ತನೇ ಮಾಳ

ಸಿದ್ದಾಪುರ, ಮೊಳಕಾಲ್ಮೂರು ತಾಲ್ಲೂಕು
ಆಗಸ್ಟ್ ೩, ೨೦೨೫, ಭಾನುವಾರ

ಪ್ರೀತಿಯ ಗೋವರ್ಧನ ಮಾವನಿಗೆ,

(ಸೋದರತ್ತೆಯ ಮಗನನ್ನು ಗಂಡನಾದ ಮೇಲೂ ಮಾವ ಎನ್ನುವುದು ಬಿಡಲಾಗಲಿಲ್ಲ, ನಗಬೇಡ.) ಹೇಗಿದ್ದೀಯಾ? ಕಂಬಿ ಕಟ್ಟಿ ಕಟ್ಟಿ ಸೀಳಿದ್ದ ಬೆರಳು ವಾಸಿಯಾಯಿತೇ? ಹೊತ್ತಿಗೆ ಸರಿಯಾಗಿ ಉಣ್ಣುತ್ತೀಯೋ, ಇಲ್ಲ ಮುಂಬೈಯ ವಡಾಪಾವ್ ತಿಂದು ಮಲಗುತ್ತೀಯೋ? ನಾವು ಚೆನ್ನಾಗಿದ್ದೇವೆ. ಅತ್ತೆಯ ಮಂಡಿನೋವು ಹಾಗೇ ಇದೆ, ಬಾಯಿಗೆ ಮಾತ್ರ ಯಾವ ನೋವೂ ಇಲ್ಲ. ನಮ್ಮ ಕೇರಿಯ ಅಮರೇಶ್ ನಾಳೆ ನಿಮ್ಮ ಸೈಟಿಗೇ ಕೆಲಸಕ್ಕೆ ಹೊರಟಿದ್ದಾನೆ, ಅವನ ಕೈಯಲ್ಲಿ ಇದನ್ನು ಕಳಿಸುತ್ತಿದ್ದೇನೆ. ಫೋನಿದ್ದೂ ಕಾಗದ ಯಾಕೆ ಎಂದರೆ, ಫೋನು ಸದಾ ಅತ್ತೆಯ ಮಡಿಲಿನಲ್ಲಿ. ನೀನು ಮಾಡಿದ ಕೂಡಲೇ ಸ್ಪೀಕರ್ ಹಾಕಿಸಿ ನನ್ನ ಭುಜಕ್ಕೆ ಭುಜ ತಾಗಿಸಿ ಕೂರುತ್ತಾರೆ.

ಇಲ್ಲಿನ ತಮಾಷೆ ಕೇಳು. ಅಲ್ಲಿಯವರು ಅಂತಸ್ತಿಗೆ ಮಾಳಾ ಎನ್ನುತ್ತಾರಂತಲ್ಲ, ಅದು ನಿನ್ನ ನಾಲಿಗೆಗೂ ಹತ್ತಿಬಿಟ್ಟಿದೆ. "ಅರವತ್ತನೇ ಮಾಳಾದಾಗೆ ಇದೀನವ್ವ" ಎಂದು ನೀನು ಹೇಳಿದ್ದೇ ತಡ, ಅತ್ತೆಗೆ ಕಂಡಿದ್ದು ಕುರಿ ಮೇಯುವ ಬಯಲು ಮಾಳ. "ಅರವತ್ತು ಮಾಳ ಐತಂತೆ ಕಣಕ್ಕ, ಯಾರೋ ಸಾವ್ಕಾರ್ರ ಮಂದೆ ಕಾಯ್ತಾನೆ, ಮೇವಿಗೇನ್ ಕಮ್ಮಿ" ಎಂದು ಪಕ್ಕದ ಮನೆಯ ದುರುಗಕ್ಕನಿಗೂ ಹೇಳಿ ಬಂದರು. ಕೆಳಗೆ ಅಂಗಡಿ, ನಡುವೆ ಆಫೀಸು, ಮೇಲೆ ಮನೆಗಳು, ತುದಿಯಲ್ಲಿ ನಿಂತರೆ ಸಮುದ್ರ ಎಂದು ಹೊರಡುವ ಮೊದಲು ನೀನು ನನಗೊಬ್ಬಳಿಗೇ ಹೇಳಿದ್ದನ್ನು ನಾನು ಅವರಿಗೆ ಬಿಡಿಸಿ ಹೇಳಿಲ್ಲ. ಜಟಿಂಗ ರಾಮೇಶ್ವರದ ಬೆಟ್ಟದಲ್ಲಿ ಮರಿ ಹಿಡಿಯಲು ಹೋಗಿ ನಿಮ್ಮಪ್ಪಯ್ಯ ಜಾರಿ ತೀರಿಕೊಂಡ ಮೇಲೆ ಎತ್ತರ ಎಂದರೆ ಅವರ ಜೀವ ಬಾಯಿಗೆ ಬರುತ್ತದೆ. ಮಗ ಬಯಲಿನಲ್ಲಿದ್ದಾನೆ ಎಂದುಕೊಂಡೇ ನಿದ್ದೆ ಮಾಡಲಿ ಎಂದು ಸುಮ್ಮನಿದ್ದೇನೆ.

ಆದರೆ ಹೋದ ವಾರ ಹದವಾಗಿ ಮಳೆ ಬಿತ್ತು. ಊರು ಹಸಿರಾದ ಮೇಲೆ ದೂರ ಹೋದ ಮಂದೆ ವಾಪಸು ಬರಲೇಬೇಕಲ್ಲ, ಅತ್ತೆ ಬೆಳಗಾದರೆ ಬ್ರಹ್ಮಗಿರಿ ಕಡೆಯ ದಾರಿ ನೋಡುತ್ತಾರೆ. ಮಂದೆ ಕಾದದ್ದಕ್ಕೆ ಕೂಲಿಯಾಗಿ ನಿನಗೆ ಮರಿ ಕೊಟ್ಟಿರುತ್ತಾರೆಂದು, ಖಾಲಿ ಬಿದ್ದಿದ್ದ ಕುರಿ ರೊಪ್ಪಕ್ಕೆ ಹೊಸ ಮುಳ್ಳುಬೇಲಿ ಕಟ್ಟಿಸಿದರು. ಕಟ್ಟಿದವಳು ನಾನೇ. ಯಾವ ಮರಿಯೂ ಬರುವುದಿಲ್ಲ ಎಂದು ಗೊತ್ತಿದ್ದೂ ನಡುನಡುವೆ ನಾನೂ ದಾರಿ ನೋಡಿದೆ. ನಿನ್ನ ನೆನಪು ಉಕ್ಕಿ ಬಂದು ಅತ್ತುಬಿಟ್ಟೆ. ಮುಳ್ಳು ಚುಚ್ಚಿತೆಂದುಕೊಂಡು ಅತ್ತೆ ಅರಿಸಿನ ತಂದು ಹಚ್ಚಿದರು.

ಬೆಲ್ಟ್ ಹಾಕದೆ ಹತ್ತಬೇಡ. ಅತ್ತೆ ಆಶೀರ್ವಾದ ತಿಳಿಸಿದ್ದಾರೆ, ದುರುಗಕ್ಕ ಕೇಳಿದೆನೆಂದು ಬರೆ ಎಂದಳು.

ಇಲ್ಲೇ ಇರುವ ನಿನ್ನ,
ಶಾಂತಕುಮಾರಿ

ಮಡಚುವ ಮುಂಚೆ ಒಂದು ಮಾತು, ಅಮರೇಶ್ ಬಾಗಿಲಲ್ಲಿ ನಿಂತಿದ್ದಾನೆ. ಮೊನ್ನೆ ನೀನು ಫೋನಿನಲ್ಲಿ, "ಇದು ಮುಗುದ್ರೆ ಪಕ್ಕದಾಗೆ ಇನ್ನೊಂದೈತೆ, ಹಿಡೀಲಾ?" ಎಂದು ಕೇಳಿದೆಯಲ್ಲ, ನಾನು ಬಾಯಿ ತೆರೆಯುವ ಮೊದಲೇ "ಹೂಂ, ಹಿಡಿಯಪ್ಪ" ಎಂದದ್ದು ಅತ್ತೆ. ಅವರು ಒಪ್ಪಿದ್ದು ಬರುವ ದಾರಿಯ ಇನ್ನೊಂದು ಮಾಳಕ್ಕೆ, ನಾಲ್ಕು ದಿನದ ಮೇವಿಗೆ. ಪಕ್ಕದ ಆ ಕಟ್ಟಡಕ್ಕೆ ಇನ್ನೂ ಮೂರು ವರ್ಷ ಹಿಡಿಯುತ್ತದೆಂದು ಅಮರೇಶ್ ಈಗ ಹೇಳಿದ. ಆ ಹೂಂ ನನ್ನದಲ್ಲ. ನಾನು ಒಪ್ಪಿಲ್ಲ. ರೊಪ್ಪ ಖಾಲಿಯಿದ್ದರೂ ಇರಲಿ, ನೀನು ಬಾ ಮಾವ.